ಆಟದ ಹೊನ್ನು ಹೊರಗೆ ರೂಪಾಯಿಗೆ ಮಾರಾಟವಾಗುತ್ತಿದೆ: ಬಾಟ್‌ಗಳನ್ನು ತಡೆಯುವ ಕೆಲಸ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಶಹಾಪುರದ ಮಗ್ಗ, ಬೆಳಗಾವಿ

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯ ಶಹಾಪುರದಲ್ಲಿ ನಾವು ಮೂವರು ಗೆಳೆಯರು ಸೇರಿ, ಹಲವರು ಒಟ್ಟಿಗೆ ಆಡುವ ಒಂದು ಕನ್ನಡ ಆನ್‌ಲೈನ್ ಆಟವನ್ನು ನಡೆಸುತ್ತಿದ್ದೇವೆ. ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಆಡಬಹುದು, ಆಡಲು ಹಣ ಕೊಡಬೇಕಾಗಿಲ್ಲ. ಪಾತ್ರಗಳ ವೇಷಭೂಷಣಗಳ ಮಾರಾಟದಿಂದ ಬರುವ ಅಲ್ಪ ಆದಾಯದಲ್ಲಿ ಸರ್ವರ್ ಬಾಡಿಗೆ ಹೊರಡುತ್ತದೆ. ಆಟದ ಜೀವಾಳವೆಂದರೆ ಸಂತೆ. ಆಟಗಾರರು ಹತ್ತಿ ಬಿಡಿಸುತ್ತಾರೆ, ನೂಲು ತೆಗೆಯುತ್ತಾರೆ, ಬಣ್ಣ ಕಟ್ಟುತ್ತಾರೆ, ಮಗ್ಗದಲ್ಲಿ ಸೀರೆ ನೇಯುತ್ತಾರೆ, ಬಂಡಿಯಲ್ಲಿ ಮತ್ತೊಂದು ಊರಿನ ಸಂತೆಗೆ ಒಯ್ದು ಬೇರೆ ಆಟಗಾರರಿಗೆ ಮಾರುತ್ತಾರೆ. ನಾಣ್ಯಕ್ಕೆ ಹೊನ್ನು ಎಂದು ಹೆಸರಿಟ್ಟಿದ್ದೇವೆ. ಹೊಸ ಹೊನ್ನು ಹುಟ್ಟುವುದು ಎರಡು ದಾರಿಗಳಿಂದ: ದಾರಿಯಲ್ಲಿ ಅಡ್ಡಗಟ್ಟುವ ದರೋಡೆಕೋರರನ್ನು ಸೋಲಿಸಿದಾಗ ಮತ್ತು ಮಾರಾಟವಾಗದೆ ಉಳಿದ ಹತ್ತಿಯನ್ನು ಸಾಹುಕಾರ ಎಂಬ ಆಟದ ಪಾತ್ರಕ್ಕೆ ನಿಗದಿತ ಬೆಲೆಗೆ ಕೊಟ್ಟಾಗ.

ಕೆಲವು ತಿಂಗಳಿಂದ ಹತ್ತಿಹೊಲಗಳಲ್ಲಿ ರಾತ್ರಿಯಿಡೀ ಒಂದೇ ಜಾಡಿನಲ್ಲಿ ತಿರುಗುವ ಖಾತೆಗಳು ತುಂಬಿಕೊಂಡಿವೆ. ಅವುಗಳ ಹೆಸರುಗಳು ಅರ್ಥವಿಲ್ಲದ ಅಕ್ಷರಗಳ ಸಾಲುಗಳು, ಮಾತನಾಡಿಸಿದರೆ ಉತ್ತರವಿಲ್ಲ. ಹೊಲ ಕಾಯುವ ಪಾತ್ರಗಳನ್ನು ನಾವೇ ಆಟದಲ್ಲಿ ಇಟ್ಟಿದ್ದೇವೆ. ನಾನು ಹೇಳುತ್ತಿರುವುದು ಅವುಗಳ ವಿಷಯವಲ್ಲ. ಆಟಗಾರರ ವೇಷದಲ್ಲಿ ಒಳಗೆ ಬಂದು ಮನುಷ್ಯನಿಲ್ಲದೆ ದುಡಿಯುವ ಪ್ರೋಗ್ರಾಮುಗಳ, ಅಂದರೆ ಬಾಟ್‌ಗಳ ವಿಷಯ. ಅವು ಗಳಿಸಿದ ಹೊನ್ನು ಒಂದು ಟೆಲಿಗ್ರಾಂ ಗುಂಪಿನಲ್ಲಿ ಯುಪಿಐ ಮೂಲಕ ಮಾರಾಟವಾಗುತ್ತಿದೆ. ಸಂತೆಯಲ್ಲಿ ಒಳ್ಳೆಯ ಸೀರೆಯ ಬೆಲೆ ಗಗನಕ್ಕೇರಿದ್ದು, ಹತ್ತಿಯ ಬೆಲೆ ನೆಲ ಕಚ್ಚಿದೆ. ಹೊಸದಾಗಿ ಬಂದವರು ಹತ್ತಿ ಬಿಡಿಸಿ ಮಗ್ಗ ಕೊಳ್ಳುವ ದಾರಿಯೇ ಮುಚ್ಚಿಹೋದಂತಾಗಿದೆ. ಬಾಟ್ ಖಾತೆಗಳನ್ನು ರಾತ್ರಿ ಬ್ಯಾನ್ ಮಾಡಿದರೆ ಬೆಳಿಗ್ಗೆ ಅಷ್ಟೇ ಹೊಸ ಖಾತೆಗಳು ಬಂದಿರುತ್ತವೆ.

ನಮ್ಮಲ್ಲಿ ಒಬ್ಬರು ಆಟಗಾರರ ನಡುವಿನ ವ್ಯಾಪಾರವನ್ನೇ ನಿಲ್ಲಿಸೋಣ ಎನ್ನುತ್ತಾರೆ. ಇನ್ನೊಬ್ಬರು, ಹೇಗೂ ಮಾರಾಟವಾಗುತ್ತಿದೆಯಲ್ಲ, ನಾವೇ ಅಧಿಕೃತವಾಗಿ ಹೊನ್ನನ್ನು ಕೊಂಡು ಮಾರುವ ಕಟ್ಟೆ ತೆರೆಯೋಣ ಎನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ, ಆದರೆ ಎದುರಿಗೆ ಇಡಲು ನನ್ನ ಬಳಿ ಮೂರನೆಯ ದಾರಿಯೂ ಇಲ್ಲ. ಇದರ ಜೊತೆಗೆ ಮನಸ್ಸಿಗೆ ಕಷ್ಟವಾಗುವ ಇನ್ನೊಂದು ಸಂಗತಿಯಿದೆ. ಮಾರುವವರಲ್ಲಿ ನಮ್ಮ ಊರಿನಲ್ಲೇ ಓದುತ್ತಿರುವ ಒಬ್ಬ ವಿದ್ಯಾರ್ಥಿ ಇದ್ದಾರೆ. ಅವರು ಬಾಟ್ ಬಳಸುತ್ತಿಲ್ಲ, ಕೈಯಾರೆ ಆಡಿ ಗಳಿಸಿದ್ದನ್ನೇ ಮಾರುತ್ತಾರೆ ಎಂಬುದು ಸರ್ವರಿನ ದಾಖಲೆಗಳಲ್ಲಿ (ಲಾಗ್‌ಗಳಲ್ಲಿ) ಸ್ಪಷ್ಟವಾಗಿ ಕಾಣುತ್ತದೆ. ಅವರನ್ನೂ ಬಾಟ್ ನಡೆಸುವವರನ್ನೂ ಒಂದೇ ನಿಯಮದಲ್ಲಿ ಹೊರಗೆ ಹಾಕುವುದು ಸರಿಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ನವನಗರ, ಬಾಗಲಕೋಟೆ

ಶರಣು. ನಾನು ಕೆಲವು ವರ್ಷ ಆಟಗಳ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡಿದವನು. ನಿಮ್ಮ ತೊಂದರೆಯ ಬಹುಪಾಲು ಕಾರಣ ನಿಮ್ಮ ಪ್ರಶ್ನೆಯ ಒಂದೇ ವಾಕ್ಯದಲ್ಲಿದೆ: ಸಾಹುಕಾರ ಹತ್ತಿಯನ್ನು ನಿಗದಿತ ಬೆಲೆಗೆ ಕೊಳ್ಳುತ್ತಾನೆ. ಎಷ್ಟು ತಂದರೂ ಅದೇ ಬೆಲೆಗೆ ಕೊಳ್ಳುತ್ತಾನೆ ಎಂದೇ ನಾನು ಅರ್ಥ ಮಾಡಿಕೊಂಡಿದ್ದೇನೆ. ನಮ್ಮ ಕಡೆಯ ಎಪಿಎಂಸಿ ಯಾರ್ಡಿಗೆ ಒಂದೇ ದಿನ ಲಾರಿಗಟ್ಟಲೆ ಉಳ್ಳಾಗಡ್ಡಿ ಬಂದರೆ ದರ ಬೀಳುತ್ತದೆ. ನಿಮ್ಮ ಸಾಹುಕಾರನಿಗೆ ಆ ತಿಳಿವಳಿಕೆ ಇಲ್ಲ. ಯಂತ್ರವು ಬೇಸರವಿಲ್ಲದೆ ಮಾಡಬಲ್ಲ ಅತ್ಯಂತ ಸುಲಭದ ಕೆಲಸಕ್ಕೆ, ಮಿತಿಯಿಲ್ಲದೆ, ಯಾರಿಗೆ ಬೇಕಾದರೂ ಹಸ್ತಾಂತರಿಸಬಹುದಾದ ಹೊನ್ನನ್ನು ನೀವು ಕೊಡುತ್ತಿದ್ದೀರಿ. ಅಂಥ ಜಾಗ ಇರುವವರೆಗೆ ಎಷ್ಟು ಬ್ಯಾನ್ ಮಾಡಿದರೂ ಬಾಟ್ ಬರುತ್ತದೆ.

ಬಾಟ್ ನಡೆಸುವವನಿಗೆ ಇದು ದಂಧೆ. ಒಂದು ಖಾತೆಯನ್ನು ತೆರೆದು ದುಡಿಮೆಗೆ ಸಿದ್ಧಗೊಳಿಸಲು ಅವನಿಗೆ ತಗಲುವ ವೆಚ್ಚ ಒಂದು ಕಡೆ. ಬ್ಯಾನ್ ಆಗುವವರೆಗೆ ಆ ಖಾತೆ ದುಡಿದುಕೊಡುವ ಹೊನ್ನಿನ ಮಾರುಕಟ್ಟೆ ಬೆಲೆ ಇನ್ನೊಂದು ಕಡೆ. ನಿಮ್ಮ ಆಟ ಉಚಿತವಾದ್ದರಿಂದ ಮೊದಲಿನದು ಹೆಚ್ಚುಕಡಿಮೆ ಸೊನ್ನೆ. ಆದ್ದರಿಂದ ಒಂದು ರಾತ್ರಿಯ ಗಳಿಕೆ ಕೈಗೆ ಸಿಕ್ಕರೂ ಅವನಿಗೆ ಲಾಭವೇ. ಉಚಿತ ಆಟಗಳಲ್ಲಿ ಈ ಕಾಟ ಎಷ್ಟರಮಟ್ಟಿಗೆ ಹೋಗುತ್ತದೆ ಎಂಬುದಕ್ಕೆ ಲಾಸ್ಟ್ ಆರ್ಕ್ ಸಾಕ್ಷಿ. 2022ರ ಫೆಬ್ರವರಿಯಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಬಿಡುಗಡೆಯಾದ ಆ ಆಟದಲ್ಲಿ ಮಾರ್ಚ್ ಮೊದಲ ವಾರದ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಬಾಟ್ ಖಾತೆಗಳನ್ನು ತೆಗೆದುಹಾಕಬೇಕಾಯಿತು. ಅಷ್ಟಾದರೂ ಬಾಟ್‌ಗಳು ನಿಲ್ಲಲಿಲ್ಲ.

ಹಾಗಾಗಿ ಎರಡೂ ಕಡೆಯಿಂದ ಹಿಡಿಯಬೇಕು. ಗಳಿಕೆಯನ್ನು ಇಳಿಸಲು, ಸಾಹುಕಾರನ ಬೆಲೆಯು ಕಳೆದ ಕೆಲವು ಗಂಟೆಗಳಲ್ಲಿ ಅವನು ಕೊಂಡ ಒಟ್ಟು ಪ್ರಮಾಣಕ್ಕೆ ತಕ್ಕಂತೆ ಕುಸಿಯಲಿ, ಹೊಲದ ಇಳುವರಿಯೂ ಬಿಡಿಸಿದಷ್ಟೂ ಕಡಿಮೆಯಾಗಲಿ. ಖಾತೆಯ ವೆಚ್ಚವನ್ನು ಏರಿಸಲು, ಹೊಸ ಖಾತೆ ಗಳಿಸಿದ ಮೊದಲ ಹತ್ತಿ ಮತ್ತು ಹೊನ್ನು ಆ ಖಾತೆಯೊಳಗಷ್ಟೇ ಬಳಕೆಯಾಗಲಿ. ಒಂದಷ್ಟು ದೂರ ಆಟವನ್ನು ನಿಜವಾಗಿ ಆಡಿ ಮುಗಿಸಿದ ಮೇಲೆ ಮಾತ್ರ ಇತರರಿಗೆ ಕೊಡುವ ಹಕ್ಕು ದೊರೆಯಲಿ. ಪ್ರಾಮಾಣಿಕ ಹೊಸಬರಿಗೆ ಇದರಿಂದ ತೊಂದರೆ ಕಡಿಮೆ, ಏಕೆಂದರೆ ಆ ಹಂತದಲ್ಲಿ ಅವರ ಬಳಿ ಕೊಡಲು ಹೆಚ್ಚೇನೂ ಇರುವುದಿಲ್ಲ. ಬಾಟ್ ನಡೆಸುವವನಿಗೆ ಮಾತ್ರ ಪ್ರತಿ ಬ್ಯಾನ್‌ನ ಹಿಂದೆ ಹಲವು ದಿನಗಳ ದುಡಿಮೆ ಹೋಗುತ್ತದೆ.

ವ್ಯಾಪಾರವನ್ನೇ ನಿಲ್ಲಿಸುವ ನಿಮ್ಮ ಗೆಳೆಯರ ಸಲಹೆಯನ್ನು ಹಿಂದೆ ಒಂದು ದೊಡ್ಡ ಆಟ ಬಹುಮಟ್ಟಿಗೆ ಪ್ರಯೋಗಿಸಿ ನೋಡಿದೆ. ಬ್ರಿಟನ್ನಿನ ಜ್ಯಾಗೆಕ್ಸ್ ಸಂಸ್ಥೆ 2008ರ ಜನವರಿಯಲ್ಲಿ ರೂನ್‌ಸ್ಕೇಪ್ ಆಟದಲ್ಲಿ, ಒಬ್ಬರು ಇನ್ನೊಬ್ಬರಿಗೆ ಪಡೆದದ್ದಕ್ಕಿಂತ ಬಹಳ ಹೆಚ್ಚು ಬೆಲೆಯದನ್ನು ಕೊಡಲಾಗದಂತೆ ಮಿತಿ ಹಾಕಿತು. ಕದ್ದ ಕ್ರೆಡಿಟ್ ಕಾರ್ಡುಗಳಿಂದ ಸದಸ್ಯತ್ವ ಕೊಂಡು, ಮಾರಲೆಂದೇ ಆಟದ ಚಿನ್ನ ಗಳಿಸುವ ಗುಂಪುಗಳು ಸಂಸ್ಥೆಯ ಉಳಿವಿಗೇ ಅಪಾಯವೆಂಬ ಹಂತಕ್ಕೆ ಬಂದಿದ್ದವು. ಮಿತಿಯಿಂದ ಮಾರಾಟಗಾರರಿಗೆ ಪೆಟ್ಟು ಬಿತ್ತು, ನಿಜ. ಆದರೆ ಗೆಳೆಯನಿಗೆ ಬೆಲೆಬಾಳುವ ಒಂದು ಕತ್ತಿಯನ್ನು ಉಡುಗೊರೆ ಕೊಡುವುದೂ ಅಸಾಧ್ಯವಾಯಿತು, ಅಸಂಖ್ಯ ಆಟಗಾರರು ಸಿಟ್ಟಾಗಿ ಬಿಟ್ಟುಹೋದರು. ಕೊನೆಗೆ ಆಟಗಾರರ ಮತ ಕೇಳಿದಾಗ ಹತ್ತರಲ್ಲಿ ಒಂಬತ್ತು ಪಾಲು ಮುಕ್ತ ವ್ಯಾಪಾರದ ಪರವಾಗಿ ಬಂದು, 2011ರ ಫೆಬ್ರವರಿಯಲ್ಲಿ ಅದನ್ನು ಮರಳಿ ತಂದರು. ಬಾಟ್‌ಗಳೂ ಮರಳಿದವು. ಅದೇ ವರ್ಷದ ಅಕ್ಟೋಬರಿನಲ್ಲಿ ಆಟದ ಕೋಡನ್ನು ಒಳಗಿನಿಂದ ಓದುತ್ತಿದ್ದ ಬಾಟ್‌ಗಳು ಕೆಲಸ ಮಾಡದಂತೆ ಅವರು ಬದಲಾವಣೆ ತಂದರು, ಆಮೇಲೆ ಪರದೆಯ ಬಣ್ಣ ನೋಡಿ ಕ್ಲಿಕ್ ಮಾಡುವ ಬಾಟ್‌ಗಳು ಉಳಿದುಕೊಂಡವು. ನಿಮ್ಮ ಆಟದ ಜೀವಾಳವೇ ಸಂತೆಯಾಗಿರುವಾಗ, ಸಂತೆ ನಿಲ್ಲಿಸಿ ಆಟ ಉಳಿಸುವ ಮಾತು ನನಗೆ ಅರ್ಥವಾಗುವುದಿಲ್ಲ.

ಎರಡನೆಯ ಗೆಳೆಯರ ಸಲಹೆಯೂ ಪ್ರಯೋಗವಾಗಿದೆ. ಬ್ಲಿಜಾರ್ಡ್ ಸಂಸ್ಥೆ ಡಯಾಬ್ಲೋ 3ರಲ್ಲಿ 2012ರ ಜೂನ್‌ನಲ್ಲಿ ನಿಜವಾದ ಹಣದ ಹರಾಜುಕಟ್ಟೆಯನ್ನು ತೆರೆದು 2014ರ ಮಾರ್ಚ್ 18ರಂದು ಮುಚ್ಚಿತು. ರಾಕ್ಷಸರನ್ನು ಕೊಂದು ಸಂಪತ್ತು ಪಡೆಯುವುದೇ ಆ ಆಟದ ಸುಖವಾಗಿತ್ತು. ಹರಾಜುಕಟ್ಟೆ ಬಂದ ಮೇಲೆ ಸಂಪತ್ತು ಪಡೆಯುವ ಅತ್ಯುತ್ತಮ ದಾರಿ ಆಡುವುದಲ್ಲ, ಕೊಳ್ಳುವುದಾಯಿತು. ಮುಚ್ಚುವಾಗ ಸಂಸ್ಥೆಯೇ ಈ ಕಾರಣವನ್ನು ಹೇಳಿತು.

ಇನ್ನು ಪತ್ತೆಹಚ್ಚುವ ವಿಷಯ. ಹತ್ತಿ ಎಷ್ಟು ಸಿಕ್ಕಿತು, ಪಾತ್ರ ಎಲ್ಲಿದೆ ಎಂಬ ಯಾವ ನಿರ್ಣಯವನ್ನೂ ಆಟಗಾರರ ಫೋನಿಗೆ ಬಿಡಬೇಡಿ, ಎಲ್ಲವೂ ಸರ್ವರಿನಲ್ಲೇ ಆಗಬೇಕು. ಇಲ್ಲವಾದರೆ ಆಟವನ್ನು ತೆರೆಯದೆಯೇ ಸರ್ವರಿಗೆ ನೇರವಾಗಿ ಸಂದೇಶ (ಪ್ಯಾಕೆಟ್) ಕಳಿಸುವ ಬಾಟ್ ಒಂದು ಕಂಪ್ಯೂಟರಿನಿಂದ ನೂರು ಖಾತೆ ನಡೆಸುತ್ತದೆ. ಆ ಮೇಲೆ ಕ್ಲಿಕ್ಕುಗಳ ನಡುವಿನ ಸಮಯವನ್ನು ಗಮನಿಸಿ. ಮನುಷ್ಯನ ಕ್ಲಿಕ್ಕುಗಳು ಹೆಚ್ಚಿನವು ಒಂದು ಕಡೆ ಗುಂಪಾಗಿ, ಕೆಲವು ಬಹಳ ತಡವಾಗಿ ಬೀಳುತ್ತವೆ. ನೀರು ಕುಡಿಯಲು ಎದ್ದಿರುತ್ತಾನೆ, ಯಾರೋ ಕರೆದಿರುತ್ತಾರೆ. ಬಾಟ್ ಬರೆಯುವವನು ಸಾಮಾನ್ಯವಾಗಿ ಒಂದರಿಂದ ಎರಡು ಸೆಕೆಂಡಿನ ನಡುವೆ ಯಾವುದಾದರೂ ಸಂಖ್ಯೆ ಎಂದು ಬರೆದುಬಿಡುತ್ತಾನೆ. ಸಾವಿರ ಕ್ಲಿಕ್ಕುಗಳನ್ನು ನಕ್ಷೆಗೆ ಹಾಕಿದರೆ ಅದು ಎರಡೂ ತುದಿ ಕತ್ತರಿಸಿದ ಚಪ್ಪಟೆ ಪಟ್ಟಿಯಾಗಿ ಕಾಣುತ್ತದೆ.

ಆದರೂ ಹೊಲದಲ್ಲಿ ದುಡಿಯುವ ಖಾತೆಗಳಿಗಿಂತ ಹೊನ್ನು ಒಟ್ಟುಗೂಡುವ ಖಾತೆಗಳ ಮೇಲೆ ಹೆಚ್ಚು ಗಮನವಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ದುಡಿಯುವ ಖಾತೆಗಳು ಅಗ್ಗ, ಸಾಯಲೆಂದೇ ಹುಟ್ಟಿದವು. ಅವೆಲ್ಲ ಗಳಿಸಿದ್ದನ್ನು ಕೆಲವೇ ಕೆಲವು ಗೋದಾಮು ಖಾತೆಗಳಿಗೆ ಸುರಿಯುತ್ತವೆ, ಅಲ್ಲಿಂದ ಕೊಳ್ಳುವವರಿಗೆ ಹೋಗುತ್ತದೆ. ಯಾರು ಯಾರಿಗೆ ಏನನ್ನೂ ಪಡೆಯದೆ ಕೊಟ್ಟರು ಎಂಬ ಜಾಲವನ್ನು ಬಿಡಿಸಿದರೆ ಈ ಗಂಟುಗಳು ಎದ್ದು ಕಾಣುತ್ತವೆ. ಅಣ್ಣ ತಮ್ಮನಿಗೆ ಕೊಡುವ ಉಡುಗೊರೆಯೂ ಮೇಲ್ನೋಟಕ್ಕೆ ಹಾಗೆಯೇ ಕಾಣುತ್ತದೆ, ಆದರೆ ಅವರು ಜೊತೆಯಾಗಿ ಆಡಿದ ದಾಖಲೆ ಇರುತ್ತದೆ, ಮಾತಾಡಿರುತ್ತಾರೆ. ಗೋದಾಮು ಖಾತೆ ಯಾರೊಡನೆಯೂ ಆಡಿರುವುದಿಲ್ಲ. ಗೋದಾಮು ತುಂಬಿದಾಗ ಅದನ್ನು ಮುಚ್ಚಿದರೆ ನೂರು ಬಾಟ್‌ಗಳ ವಾರದ ದುಡಿಮೆ ಒಮ್ಮೆಗೇ ಹೋಗುತ್ತದೆ.

ಪತ್ತೆಯಾದ ಕ್ಷಣವೇ ಬ್ಯಾನ್ ಮಾಡಬೇಡಿ. ಯಾವ ಲಕ್ಷಣದಿಂದ ಸಿಕ್ಕಿಬಿದ್ದೆ ಎಂಬುದು ಬಾಟ್ ಬರೆದವನಿಗೆ ತಕ್ಷಣ ತಿಳಿದುಬಿಡುತ್ತದೆ. ಗುರುತಿಸಿ ಇಟ್ಟುಕೊಂಡು ಒಟ್ಟಾಗಿ ತೆಗೆಯಿರಿ.

ಉತ್ತರ: ಅನಗೋಳದ ಆಟಗಾರ್ತಿ, ಬೆಳಗಾವಿ

ನವನಗರದವರ ಮಾತಿನಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಆದರೆ ತಡಮಾಡಿ ಬ್ಯಾನ್ ಮಾಡುವ ವಿಷಯದಲ್ಲಿ ಆಟಗಾರರ ಕಡೆಯಿಂದ ಒಂದು ಮಾತು ಹೇಳಲೇಬೇಕು. ಕಣ್ಣೆದುರಿಗೆ ಒಂದೇ ಬಾಟ್ ವಾರಗಟ್ಟಲೆ ಓಡಾಡುತ್ತಿದ್ದರೆ, ವರದಿ ಮಾಡಿದರೂ ಏನೂ ಆಗದಿದ್ದರೆ, ನಡೆಸುವವರಿಗೆ ಕಾಳಜಿಯಿಲ್ಲ ಎಂದೇ ನಾವು ತಿಳಿಯುತ್ತೇವೆ. ಆ ಭಾವನೆ ಒಮ್ಮೆ ಬೇರೂರಿದರೆ ಪ್ರಾಮಾಣಿಕರೂ ಕೊಳ್ಳಲು ಆರಂಭಿಸುತ್ತಾರೆ, ಏಕೆಂದರೆ ಕೊಳ್ಳದವರೇ ಹಿಂದೆ ಬೀಳುತ್ತಾರೆ. ಆದ್ದರಿಂದ ತಡಮಾಡುವುದಾದರೆ, ನೀವು ವರದಿ ಮಾಡಿದ ಖಾತೆಗಳ ಮೇಲೆ ಕ್ರಮವಾಗಿದೆ ಎಂಬ ಸಂದೇಶ ಆಮೇಲಾದರೂ ವರದಿ ಮಾಡಿದವರಿಗೆ ತಲುಪಲಿ, ಎಷ್ಟು ಖಾತೆಗಳನ್ನು ತೆಗೆದಿರಿ ಎಂಬ ಲೆಕ್ಕವನ್ನು ತಿಂಗಳಿಗೊಮ್ಮೆಯಾದರೂ ಎಲ್ಲರೆದುರು ಇಡಿ.

ಇನ್ನೊಂದು ವಿನಂತಿ. ಅಂತರ್ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಐಪಿ ವಿಳಾಸ ನೋಡಿ ನಿರ್ಬಂಧಿಸುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಕೈಬಿಡಿ. ನಮ್ಮ ಮೊಬೈಲ್ ಜಾಲಗಳಲ್ಲಿ ಸಾವಿರಾರು ಬಳಕೆದಾರರು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರುತ್ತಾರೆ. ಹಾಸ್ಟೆಲ್ ವೈಫೈ ಇದ್ದರೆ ಇಡೀ ಕಟ್ಟಡಕ್ಕೆ ಒಂದೇ ವಿಳಾಸ. ಒಂದು ಬಾಟ್‌ಗೋಸ್ಕರ ಒಂದು ಇಡೀ ಹಾಸ್ಟೆಲಿನ ಮಕ್ಕಳು ಹೊರಗುಳಿಯುತ್ತಾರೆ. ಹಾಗೆಯೇ ದಿನಕ್ಕೆ ಇಪ್ಪತ್ತು ಗಂಟೆ ಆಡಿದ ಖಾತೆಯೆಲ್ಲ ಬಾಟ್ ಅಲ್ಲ. ಒಂದೇ ಫೋನಿನಲ್ಲಿ ಒಂದೇ ಖಾತೆಯನ್ನು ಪಾಳಿಯ ಮೇಲೆ ಆಡುವ ಅಕ್ಕತಂಗಿಯರು ನಮ್ಮ ಓಣಿಯಲ್ಲೇ ಇದ್ದಾರೆ. ಕೈಗಳ ದೌರ್ಬಲ್ಯವಿರುವವರು ಫೋನಿನ ಅಕ್ಸೆಸಿಬಿಲಿಟಿ ಸೌಲಭ್ಯದ ಮೂಲಕ ಆಡುತ್ತಾರೆ, ತಾವಾಗಿಯೇ ಕ್ಲಿಕ್ ಮಾಡುವ ಆಟೋ ಕ್ಲಿಕ್ಕರ್‌ಗಳೂ ಅದೇ ಸೌಲಭ್ಯವನ್ನು ಬಳಸುವುದರಿಂದ ಅದೊಂದನ್ನೇ ನೋಡಿ ತೀರ್ಪು ಕೊಡಬೇಡಿ. ಬ್ಯಾನ್ ಆದವರ ಮನವಿಯನ್ನು ಮನುಷ್ಯರೇ ಓದಬೇಕು. ನಿಮ್ಮಂಥ ಸಣ್ಣ ತಂಡ ಇದನ್ನು ದೊಡ್ಡ ಸಂಸ್ಥೆಗಳಿಗಿಂತ ಚೆನ್ನಾಗಿ ಮಾಡಬಲ್ಲದು.

ಉತ್ತರ: ಜಲನಗರ, ವಿಜಯಪುರ

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ಆಟಗಳನ್ನು ಹೆಚ್ಚು ಆಡಿದವನಲ್ಲ. ಆದರೆ ಹಣ ಸಾಗುವ ದಾರಿಯ ಬಗ್ಗೆ ಇಲ್ಲಿ ಯಾರೂ ಬರೆಯದ ಕಾರಣ, ಆ ವಿದ್ಯಾರ್ಥಿಯ ಹಿತಕ್ಕಾಗಿಯಾದರೂ ಬರೆಯಬೇಕೆನಿಸಿತು.

ಟೆಲಿಗ್ರಾಂ ಗುಂಪಿನಲ್ಲಿ ಹೊನ್ನು ಕೊಳ್ಳಲು ಬರುವವರೆಲ್ಲ ಆಟಗಾರರಲ್ಲ. ಯಾರದೋ ಖಾತೆಯಿಂದ ಮೋಸದಿಂದ ಎಗರಿಸಿದ ಹಣವನ್ನು ಬೇಗನೆ ಬೇರೆ ರೂಪಕ್ಕೆ ಬದಲಿಸಬೇಕಾದವನಿಗೆ ಆಟದ ನಾಣ್ಯ ಬಹಳ ಅನುಕೂಲ. ಅವನು ಕದ್ದ ಹಣವನ್ನು ಯುಪಿಐ ಮೂಲಕ ಮಾರುವವನಿಗೆ ಕಳಿಸಿ, ಹೊನ್ನು ಪಡೆದು, ಅದನ್ನು ಮತ್ತೊಬ್ಬ ನಿಜವಾದ ಆಟಗಾರನಿಗೆ ಮಾರಿ ಶುದ್ಧವಾದ ಹಣ ಪಡೆಯುತ್ತಾನೆ. ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದಾಗ, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಕೊಟ್ಟಾಗ, ಹಣ ಯಾವ ಯಾವ ಖಾತೆಗಳ ಮೂಲಕ ಹೋಯಿತೋ ಆ ಖಾತೆಗಳಲ್ಲಿ ಅಷ್ಟು ಮೊತ್ತವನ್ನು ತಡೆಹಿಡಿಯುತ್ತಾರೆ. ಕೆಲವೊಮ್ಮೆ ಇಡೀ ಖಾತೆಯೇ ಸ್ಥಗಿತವಾಗುತ್ತದೆ. ಇದಕ್ಕೆ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೆಯ ಕಲಮನ್ನು ಬಳಸುತ್ತಾರೆ. ಸಾಲಿನಲ್ಲಿ ಸಿಕ್ಕಿಬೀಳುವವನು ಕಳ್ಳನಲ್ಲ, ಹೊನ್ನು ಮಾರಿದ ವಿದ್ಯಾರ್ಥಿ. ದೂರು ಬೇರೆ ರಾಜ್ಯದ್ದಾಗಿರಬಹುದು. ವಿದ್ಯಾರ್ಥಿವೇತನ ಜಮೆಯಾಗುವ ಖಾತೆಯೂ ಅದೇ ಆಗಿದ್ದರೆ ಶುಲ್ಕ ಕಟ್ಟುವ ಹೊತ್ತಿಗೆ ಹಣ ಕೈಗೆ ಸಿಗುವುದಿಲ್ಲ. ತಾನು ಮಾರಿದ್ದು ಆಟದ ನಾಣ್ಯ ಎಂದು ತನಿಖಾಧಿಕಾರಿಗೆ ವಿವರಿಸಲು ಅವನ ಬಳಿ ಬಿಲ್ಲೂ ಇಲ್ಲ, ಕರಾರೂ ಇಲ್ಲ. ಇಂಥ ಖಾತೆಗಳನ್ನು ಬಿಡಿಸಿಕೊಳ್ಳಲು ತಂದೆತಾಯಿ ಬ್ಯಾಂಕಿಗೂ ಪೊಲೀಸ್ ಠಾಣೆಗೂ ಅಲೆಯುವುದನ್ನು ನಾನು ನೋಡಿದ್ದೇನೆ, ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇದು ನನ್ನ ಊಹೆಯಷ್ಟೇ ಅಲ್ಲ. 2019ರ ಅಕ್ಟೋಬರಿನಲ್ಲಿ ವಾಲ್ವ್ ಸಂಸ್ಥೆ ತನ್ನ ಕೌಂಟರ್-ಸ್ಟ್ರೈಕ್ ಆಟದಲ್ಲಿ ಪೆಟ್ಟಿಗೆ ತೆರೆಯುವ ಕೀಲಿಗಳನ್ನು ಹೊಸದಾಗಿ ಕೊಂಡವರು ಇತರರಿಗೆ ಮಾರಲಾಗದಂತೆ ಮಾಡಿತು. ಮರುಮಾರಾಟವಾಗುತ್ತಿದ್ದ ಕೀಲಿಗಳ ಖರೀದಿ ಬಹುತೇಕ ವಂಚನೆಯ ಮೂಲದ್ದೇ, ಜಗತ್ತಿನಾದ್ಯಂತ ವಂಚಕರ ಜಾಲಗಳು ಹಣ ತೊಳೆಯಲು ಅವನ್ನು ಬಳಸುತ್ತಿವೆ ಎಂದು ಸಂಸ್ಥೆ ಆಗ ಬಹಿರಂಗವಾಗಿ ತಿಳಿಸಿತ್ತು.

ಅಧಿಕೃತವಾಗಿ ಕೊಂಡು ಮಾರುವ ಕಟ್ಟೆ ತೆರೆಯುವ ಯೋಚನೆಯ ಬಗ್ಗೆ ಎಚ್ಚರಿಕೆಯ ಒಂದು ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣವನ್ನು ಪಣವಿಟ್ಟು ಆಡುವ ಆಟಗಳನ್ನು ನಿಷೇಧಿಸುತ್ತದೆ. ಹಣ ಕೊಟ್ಟು ಪಡೆದ ನಾಣ್ಯ, ಟೋಕನ್ ಮುಂತಾದವುಗಳನ್ನೂ ಅದು ಪಣವೆಂದೇ ಎಣಿಸುತ್ತದೆ. ಅಂಥ ಆಟ ಒದಗಿಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ನಿಮ್ಮ ಆಟ ಇಂದು ಆ ವ್ಯಾಖ್ಯೆಯಿಂದ ದೂರವಿದೆ. ಹೊನ್ನನ್ನು ರೂಪಾಯಿಗೆ ಮಾರಿ, ಮತ್ತೆ ಹೊನ್ನಿಗೆ ರೂಪಾಯಿ ಕೊಡಲು ಆರಂಭಿಸಿದರೆ, ಅದರ ಮೇಲೆ ಆಟದೊಳಗೆ ಪಗಡೆಯಂಥ ಪಂದ್ಯವೇನಾದರೂ ಇದ್ದರೆ, ಆ ದೂರ ಬಹಳ ಕಡಿಮೆಯಾಗುತ್ತದೆ. ವಕೀಲರನ್ನು ಕೇಳದೆ ಆ ಕಡೆ ಹೆಜ್ಜೆ ಇಡಬೇಡಿ. ಕ್ಲಿಕ್ಕುಗಳ ಲೆಕ್ಕ ಇಡುವಾಗಲೂ ಒಂದು ವಿಷಯ ನೆನಪಿರಲಿ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಕೇಳುತ್ತದೆ, ಮಕ್ಕಳ ವರ್ತನೆಯ ಮೇಲಿನ ನಿಗಾಕ್ಕೂ ಮಿತಿ ಹಾಕುತ್ತದೆ. ಏನನ್ನು, ಏಕೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂಬುದನ್ನು ಆಟದ ನಿಯಮಗಳಲ್ಲಿ ಕನ್ನಡದಲ್ಲೇ ಸ್ಪಷ್ಟವಾಗಿ ಬರೆಯಿರಿ.

ಉತ್ತರ: ಅಥಣಿ ಕಡೆಯವನು, ಸದ್ಯ ಬೆಳಗಾವಿ

ಪ್ರಶ್ನೆಯಲ್ಲಿ ಹೇಳಿದ ವಿದ್ಯಾರ್ಥಿ ನಾನೇ ಇರಬಹುದು, ನನ್ನಂತಹ ಇನ್ನೊಬ್ಬರೂ ಇರಬಹುದು. ಜಲನಗರದ ಸರ್ ಬರೆದದ್ದನ್ನು ಓದಿ ನನಗೆ ನಿಜವಾಗಿ ಭಯವಾಯಿತು. ಹಣ ಕಳಿಸುವವರ ಹೆಸರು ಮತ್ತು ಗುಂಪಿನಲ್ಲಿ ಮಾತಾಡುವವರ ಹೆಸರು ಬೇರೆ ಬೇರೆಯಾಗಿರುವುದು ಸಾಮಾನ್ಯ. ಅದರ ಅರ್ಥ ಹೀಗಿರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ನನ್ನ ಕಡೆಯ ಮಾತನ್ನೂ ಹೇಳುತ್ತೇನೆ. ಸಂಜೆ ಕಾಲೇಜು ಮುಗಿದ ಮೇಲೆ ನನ್ನ ಫೋನಿನಲ್ಲೇ ಆಡಿ ಗಳಿಸಿದ್ದನ್ನು ಮಾರಿದ್ದೇನೆ. ಮೊದಲು ಕೇಳಿಕೊಂಡು ಬಂದವರು ನನ್ನ ಹಾಸ್ಟೆಲಿನ ಗೆಳೆಯರೇ. ಅವರಿಗೆ ಸೀರೆ ನೇಯುವುದು, ವಿನ್ಯಾಸ ಮಾಡುವುದು ಇಷ್ಟ. ಅಲ್ಲಿಗೆ ತಲುಪುವ ಮೊದಲು ವಾರಗಟ್ಟಲೆ ಹತ್ತಿ ಬಿಡಿಸುವುದು ಇಷ್ಟವಿಲ್ಲ. ನಾನು ಅವರ ಬದಲು ಬಿಡಿಸಿದೆ. ಕೊಳ್ಳುವವರು ಏಕೆ ಕೊಳ್ಳುತ್ತಾರೆ ಎಂಬುದಕ್ಕೆ ನನಗೆ ಗೊತ್ತಿರುವ ಉತ್ತರ ಇದೊಂದೇ: ಆಟದ ಆ ಭಾಗ ಅವರಿಗೆ ಬೇಡವಾಗಿದೆ. ಮೊದಲ ಮಗ್ಗ ಸುಲಭವಾಗಿ ಸಿಗುವಂತಾದರೆ ನನ್ನ ಬಳಿ ಕೊಂಡವರಲ್ಲಿ ಹೆಚ್ಚಿನವರು ಕೊಳ್ಳುತ್ತಿರಲಿಲ್ಲ.

ಬಾಟ್‌ಗಳಿಂದ ನಷ್ಟವಾದದ್ದು ಪ್ರಾಮಾಣಿಕ ಆಟಗಾರರಿಗಷ್ಟೇ ಅಲ್ಲ. ಅವು ಬಂದ ಮೇಲೆ ಗುಂಪಿನಲ್ಲಿ ಹೊನ್ನಿನ ಬೆಲೆ ಎಷ್ಟು ಬಿದ್ದಿದೆಯೆಂದರೆ, ಒಂದು ಸಂಜೆಯ ದುಡಿಮೆಗೆ ಈಗ ಚಹಾದ ಹಣವೂ ಬರುವುದಿಲ್ಲ. ವೆನೆಜುವೆಲಾದಲ್ಲಿ ಹಣದುಬ್ಬರ ಮಿತಿಮೀರಿದ ವರ್ಷಗಳಲ್ಲಿ ಅಲ್ಲಿನ ಎಷ್ಟೋ ಜನ ರೂನ್‌ಸ್ಕೇಪ್‌ನ ಹಳೆಯ ಆವೃತ್ತಿಯಾದ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಚಿನ್ನ ಗಳಿಸಿ ಮಾರಿ ಮನೆ ನಡೆಸಿದರು ಎಂದು ಓದಿದ್ದೇನೆ. ಆ ಆಟದ ಕೆಲವರು ಆಟದೊಳಗೆ ಅವರ ಪಾತ್ರಗಳನ್ನು ಹುಡುಕಿ ಹುಡುಕಿ ಸಾಯಿಸುವುದನ್ನು ಒಂದು ಮನರಂಜನೆ ಮಾಡಿಕೊಂಡಿದ್ದರಂತೆ. ಅದು ನನಗೆ ಬಹಳ ನೋವು ಕೊಟ್ಟಿತು. ನಿಯಮ ತರುವುದಾದರೆ ತನ್ನಿ, ನಾನು ಪಾಲಿಸುತ್ತೇನೆ. ಆದರೆ ಯಾವ ದಿನದಿಂದ ಎಂದು ಮೊದಲೇ ತಿಳಿಸಿ.

ಮರುಪ್ರಶ್ನೆ: ಶಹಾಪುರದ ಮಗ್ಗ, ಬೆಳಗಾವಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಥಣಿಯ ತಮ್ಮ ಎದುರು ಬಂದು ಮಾತಾಡಿದ್ದಕ್ಕೆ ವಿಶೇಷವಾಗಿ ಋಣಿ. ನಮ್ಮ ಮೂವರಲ್ಲಿ ನಿನ್ನೆ ಚರ್ಚೆಯಾಗಿ, ಸಂತೆಯನ್ನು ಮುಚ್ಚುವುದಿಲ್ಲ, ಹೊನ್ನನ್ನು ನಾವು ಕೊಂಡು ಮಾರುವುದೂ ಇಲ್ಲ ಎಂದು ತೀರ್ಮಾನಿಸಿದ್ದೇವೆ. ಸಾಹುಕಾರನ ಬೆಲೆ ಪ್ರಮಾಣಕ್ಕೆ ತಕ್ಕಂತೆ ಇಳಿಯುವ ಕೋಡ್ ಬರೆಯಲು ಆರಂಭಿಸಿದ್ದೇವೆ. ಹೊಸಬರಿಗೆ ಒಂದು ಸಾದಾ ಮಗ್ಗವನ್ನು ಮಾರಲಾಗದ ರೂಪದಲ್ಲಿ ಆರಂಭದಲ್ಲೇ ಕೊಡುವ ಯೋಚನೆಯೂ ಇದೆ.

ಉಳಿದ ಪ್ರಶ್ನೆಗಳು ಎರಡು. ಈವ್ ಆನ್‌ಲೈನ್ ಆಟದ ಪ್ಲೆಕ್ಸ್, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ 2015ರಲ್ಲಿ ಬಂದ ಟೋಕನ್, ಇವುಗಳಂಥ ವ್ಯವಸ್ಥೆ ನಮಗೆ ಸಾಧ್ಯವೇ? ಮತ್ತು ಈಗಾಗಲೇ ಕೊಂಡವರನ್ನು ಏನು ಮಾಡಬೇಕು?

ಉತ್ತರ: ನವನಗರ, ಬಾಗಲಕೋಟೆ

ಟೋಕನ್ ವ್ಯವಸ್ಥೆಯ ಗುಟ್ಟೆಂದರೆ ಅದರಲ್ಲಿ ಸಂಸ್ಥೆ ಹೊಸ ನಾಣ್ಯ ಸೃಷ್ಟಿಸುವುದಿಲ್ಲ, ಯಾರಿಗೂ ಹಣ ಮರಳಿಸುವುದೂ ಇಲ್ಲ. ಹಣವಿರುವವನು ಆಟದ ಒಂದು ತಿಂಗಳ ಅವಧಿಯನ್ನು ಕೊಳ್ಳುತ್ತಾನೆ. ಸಮಯವಿರುವವನು ಅದನ್ನು ಆಟದ ಚಿನ್ನ ಕೊಟ್ಟು ಪಡೆದು ಉಚಿತವಾಗಿ ಆಡುತ್ತಾನೆ. ಚಿನ್ನ ಒಬ್ಬ ಆಟಗಾರನಿಂದ ಇನ್ನೊಬ್ಬನಿಗೆ ಹೋಗುತ್ತದೆ ಅಷ್ಟೆ. ಕೊಳ್ಳುವವನಿಗೆ ಕಳ್ಳಮಾರುಕಟ್ಟೆಗಿಂತ ಸುರಕ್ಷಿತ ದಾರಿ ಸಿಗುವುದು ಅದರ ದೊಡ್ಡ ಗುಣ. ಆದರೆ ಇದು ತಿಂಗಳ ಶುಲ್ಕವಿರುವ ಆಟಗಳಿಗೆ ಹೊಂದುತ್ತದೆ, ನಿಮ್ಮಲ್ಲಿ ಆ ಶುಲ್ಕವೇ ಇಲ್ಲ. ವೇಷಭೂಷಣಗಳನ್ನು ಆಟಗಾರರು ಹೊನ್ನಿಗೆ ಪರಸ್ಪರ ಮಾರಬಹುದು ಎಂದು ಬಿಟ್ಟರೆ ಸ್ವಲ್ಪ ಹಾಗೆಯೇ ಆಗುತ್ತದೆ, ಆದರೆ ಆಗ ಕದ್ದ ಹಣದಿಂದ ವೇಷ ಕೊಂಡು ಮಾರುವವರು ಬರುತ್ತಾರೆ. ಜಲನಗರದವರು ಹೇಳಿದ ಕೀಲಿಗಳ ಕಥೆ ಅದೇ. ಟೋಕನ್ ಇದ್ದ ಮಾತ್ರಕ್ಕೆ ಬಾಟ್ ಹೋಗುವುದೂ ಇಲ್ಲ. ಈವ್ ನಡೆಸುವ ಸಿಸಿಪಿ ಸಂಸ್ಥೆ ಪ್ಲೆಕ್ಸ್ ಬಂದ ಮೇಲೆಯೇ, 2009ರ ಬೇಸಿಗೆಯಲ್ಲಿ, ಕೆಲವು ಸಾವಿರ ಖಾತೆಗಳನ್ನು ಒಮ್ಮೆಗೆ ಬ್ಯಾನ್ ಮಾಡಬೇಕಾಯಿತು.  ನೀವು ಸದ್ಯಕ್ಕೆ ಈ ದಾರಿಯ ಗೊಡವೆಗೆ ಹೋಗದಿರುವುದು ಮೇಲು.

ಅದಕ್ಕಿಂತ ಮೊದಲು, ಈಗಾಗಲೇ ಹುಟ್ಟಿಬಿಟ್ಟಿರುವ ಹೊನ್ನನ್ನು ನಿಧಾನವಾಗಿ ಹೊರತೆಗೆಯಬೇಕು. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ 2021ರ ಡಿಸೆಂಬರಿನಲ್ಲಿ ಸಂತೆಯ ಮಾರಾಟದ ಮೇಲೆ ಶೇ. 1ರಷ್ಟು ತೆರಿಗೆ ಹಾಕಿ, ಆ ಹಣದ ಒಂದು ಭಾಗದಿಂದ ಹೆಚ್ಚಾಗಿ ಬಿದ್ದಿರುವ ವಸ್ತುಗಳನ್ನು ಆಟವೇ ಕೊಂಡು ನಾಶಪಡಿಸುವ ಏರ್ಪಾಟು ಮಾಡಿದರು. ನಿಮ್ಮಲ್ಲೂ ಸಂತೆಯ ಸುಂಕ ಎಂದು ಅಷ್ಟೇ ಸಣ್ಣದಾಗಿ ಹಾಕಿ ನೋಡಿ. ಒಂದು ಕೈಯಲ್ಲಿ ಹೊನ್ನು ಕಡಿಮೆಯಾಗುತ್ತದೆ, ಇನ್ನೊಂದು ಕೈಯಲ್ಲಿ ಆ ಸುಂಕದಿಂದಲೇ ಸಂತೆಯಲ್ಲಿ ಕೊಳೆಯುತ್ತಿರುವ ಹತ್ತಿಯನ್ನು ಕೊಂಡು ತೆಗೆದರೆ ಹೊಸಬರ ಹತ್ತಿಗೆ ಬೆಲೆ ಬರುತ್ತದೆ.

ಕೊಂಡವರನ್ನು ಹೊರಗೆ ಹಾಕಬೇಡಿ. ಒಂದು ದಿನಾಂಕ ಘೋಷಿಸಿ. ಅದರ ಹಿಂದಿನದಕ್ಕೆ ಶಿಕ್ಷೆಯಿಲ್ಲ, ಆ ದಿನದ ನಂತರ ಗೋದಾಮು ಖಾತೆಯಿಂದ ಬಂದ ಹೊನ್ನು ಯಾರ ಬಳಿ ಕಂಡರೂ ಆ ಹೊನ್ನು ಮಾತ್ರ ಮಾಯವಾಗುತ್ತದೆ, ಖಾತೆ ಉಳಿಯುತ್ತದೆ ಎಂದು ಹೇಳಿ. ಕೊಟ್ಟ ರೂಪಾಯಿಯೂ ಹೋಗಿ ಹೊನ್ನೂ ಹೋದವನು ಎರಡನೆಯ ಬಾರಿ ಕೊಳ್ಳಲು ಹೆದರುತ್ತಾನೆ, ಗೆಳೆಯರಿಗೂ ಹೇಳುತ್ತಾನೆ. ಮತ್ತೆ ಮತ್ತೆ ಸಿಕ್ಕಿಬಿದ್ದವನ ವಿಷಯ ಬೇರೆ. ಕೈಯಾರೆ ಆಡಿ ಮಾರುವವರಿಗೂ ಆ ದಿನಾಂಕ ಅನ್ವಯವಾಗಲಿ, ಆದರೆ ಅವರಿಗೆ ಮೊದಲ ಸಲ ಎಚ್ಚರಿಕೆ ಸಾಕು. ಬಾಟ್ ನಡೆಸುವವನಿಗೆ ಎಚ್ಚರಿಕೆ ಬೇಕಿಲ್ಲ.

ಅಥಣಿಯ ತಮ್ಮನಿಗೆ: ಇನ್ನು ಮುಂದೆ ಅಪರಿಚಿತರಿಂದ ಆ ಖಾತೆಗೆ ಹಣ ಪಡೆಯಬೇಡಿ, ಇದುವರೆಗಿನ ಮಾತುಕತೆಯ ಪ್ರತಿಗಳನ್ನು ಅಳಿಸದೆ ಇಟ್ಟುಕೊಳ್ಳಿ, ಬ್ಯಾಂಕಿನಿಂದ ಏನಾದರೂ ಸೂಚನೆ ಬಂದರೆ ಮನೆಯವರಿಗೆ ತಿಳಿಸಿ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ. ಶಹಾಪುರದವರಿಗೆ ಇಂಥವರ ನೆರವು ಬೇಕಾಗುತ್ತದೆ. ಯಾವ ಹೊಲದಲ್ಲಿ ಯಾವ ಹೊತ್ತಿಗೆ ಬಾಟ್ ಬರುತ್ತದೆ, ಹೊನ್ನು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಸರ್ವರ್ ಲಾಗ್‌ಗಿಂತ ಬೇಗ ಗುರುತಿಸಬಲ್ಲವರು ಅಲ್ಲೇ ಕುಳಿತು ಹತ್ತಿ ಬಿಡಿಸಿದವರು. ಅವರಿಗೆ ಸಾಧ್ಯವಾದಷ್ಟು ಗೌರವಧನ ಕೊಟ್ಟು ಆ ಕೆಲಸಕ್ಕೆ ಸೇರಿಸಿಕೊಳ್ಳಿ.

ಸಾಹುಕಾರನ ಬದಲಾವಣೆಯನ್ನು ಮಾತ್ರ ಮೊದಲು ತನ್ನಿ, ಉಳಿದದ್ದನ್ನು ಅದರ ಜೊತೆ ಬೆರೆಸಬೇಡಿ. ಬೆರೆಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಬದಲಾವಣೆಗೆ ಒಂದು ವಾರ ಮೊದಲಿನ ಮತ್ತು ನಂತರದ ಹತ್ತಿ, ನೂಲು, ಸೀರೆಗಳ ಸಂತೆ ಬೆಲೆಗಳನ್ನು ಹಾಗೂ ಪ್ರತಿದಿನ ಹುಟ್ಟಿದ ಒಟ್ಟು ಹೊನ್ನಿನ ಲೆಕ್ಕವನ್ನು ಇಲ್ಲಿ ಹಾಕಿದರೆ ಸುಂಕ ಎಷ್ಟಿರಬೇಕೆಂದು ಕೂಡಿ ನೋಡೋಣ.